ಒಂದೇ ಪೆಟ್ಟಿಗೆಯಲ್ಲಿ ಇಬ್ಬರ ಅಕ್ಷರ

ಅಮೆರಿಕದ ಚಾಪೆಲ್ ಹಿಲ್ ವಿಶ್ವವಿದ್ಯಾಲಯದ ವಿಲ್ಸನ್ ಗ್ರಂಥಾಲಯದಲ್ಲಿ ಹಳೆಯ ಕಾಗದಪತ್ರಗಳನ್ನು ಓದುವ ಕೋಣೆಗೆ ಪೆನ್ನು ಒಯ್ಯುವಂತಿಲ್ಲ. ಕೈಚೀಲ, ನೀರಿನ ಬಾಟಲಿ, ಕೋಟು ಎಲ್ಲವನ್ನೂ ಹೊರಗಿನ ಲಾಕರಿನಲ್ಲಿಟ್ಟು, ಗುರುತಿಗೆಂದು ಪಾಸ್‌ಪೋರ್ಟ್ ತೋರಿಸಿ ಹೆಸರು ನೋಂದಾಯಿಸಿ, ಒಂದು ಪೆನ್ಸಿಲು ಮತ್ತು ಕೆಲವು ಬಿಡಿ ಹಾಳೆಗಳನ್ನು ಮಾತ್ರ ಹಿಡಿದು ಒಳಗೆ ಹೋಗಬೇಕು. ಮೂವತ್ತೈದು ವರ್ಷ ಕೆಂಪು ಶಾಯಿಯಲ್ಲಿ ಮಕ್ಕಳ ನೋಟುಪುಸ್ತಕ ತಿದ್ದಿದ ನನಗೆ ಆ ನಿಯಮದ ಕಾರಣವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಪೆನ್ಸಿಲಿನ ಗೀಟನ್ನು ಅಳಿಸಬಹುದು. ಶಾಯಿಯ ಕಲೆ ಕಾಗದ ಇರುವಷ್ಟು ಕಾಲವೂ ಇರುತ್ತದೆ.

ನಾನು ಅಮೆರಿಕಕ್ಕೆ ಹೋದದ್ದು ಮಗಳ ಬಾಣಂತನಕ್ಕೆ. ಅವಳ ಮನೆ ಇರುವುದು ಉತ್ತರ ಕ್ಯಾರೊಲಿನಾ ರಾಜ್ಯದ ಕ್ಯಾರಿ ಎಂಬ ಊರಿನಲ್ಲಿ. ಮಗುವಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ಅಳಿಯಂದಿರು ನಮ್ಮನ್ನೆಲ್ಲ ಕರೆದುಕೊಂಡು ಪಶ್ಚಿಮದ ಬೆಟ್ಟಗಳ ಕಡೆಗೆ ಹೊರಟರು. ದಾರಿಯಲ್ಲಿ ಆಶ್ವಿಲ್‌ನಲ್ಲಿ ಒಂದು ರಾತ್ರಿ ತಂಗಿ, ಮರುದಿನ ರಾಜ್ಯದ ಪಶ್ಚಿಮದ ಮೂಲೆಯಲ್ಲಿರುವ ಬ್ರಾಸ್‌ಟೌನ್ ಎಂಬ ಹಳ್ಳಿಗೆ ತಲುಪಿದೆವು. ಅಲ್ಲಿ 1925ರಲ್ಲಿ ಆರಂಭವಾದ ಜಾನ್ ಸಿ. ಕ್ಯಾಂಪ್‌ಬೆಲ್ ಜನಪದ ಶಾಲೆ ಈಗಲೂ ನಡೆಯುತ್ತಿದೆ. ನೇಯ್ಗೆ, ಕಮ್ಮಾರಿಕೆ, ಮರದ ಕೆತ್ತನೆ, ಹಾಡು, ಕುಣಿತ ಎಲ್ಲವನ್ನೂ ಅಲ್ಲಿ ಕಲಿಯಬಹುದು. ಪರೀಕ್ಷೆಯಿಲ್ಲ, ಅಂಕವಿಲ್ಲ, ಪದವಿಯಿಲ್ಲ. ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಮಗ್ಗದ ಮನೆಯ ಮುಂದೆ ನಿಂತಿದ್ದಾಗ, "ಅಮ್ಮ, ಅಪ್ಪ ಹೇಳುತ್ತಿದ್ದ ಡೆನ್ಮಾರ್ಕಿನ ಶಾಲೆ ಇದೇ ಅಲ್ಲವಾ?" ಎಂದಳು.

ಅವಳ ಮಾತು ಸರಿಯಾಗಿತ್ತು. ಕಳೆದ ವರ್ಷ ತೀರಿಕೊಂಡ ನಮ್ಮ ಯಜಮಾನರು ಮಲೆನಾಡಿನ ಒಂದು ಹಳ್ಳಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು; ಅದೇ ಶಾಲೆಯಲ್ಲಿ ನಾನು ಸಹಶಿಕ್ಷಕಿ. ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ 1947ರಲ್ಲಿ ನಂಜನಗೂಡಿನಲ್ಲಿ ಹಳ್ಳಿಯ ಯುವಕರಿಗಾಗಿ ವಿದ್ಯಾಪೀಠವೊಂದನ್ನು ತೆರೆದಿತ್ತು, ಮತ್ತು ಅದಕ್ಕೆ ಮಾದರಿ ಡೆನ್ಮಾರ್ಕಿನಲ್ಲಿ ವಯಸ್ಕರಿಗಾಗಿ ನಡೆಯುವ ಜನತಾ ಪ್ರೌಢಶಾಲೆಗಳು. ಯಜಮಾನರ ಅಣ್ಣ ನಂಜನಗೂಡಿನಲ್ಲಿ ಕಲಿತು ಬಂದವರಾದ್ದರಿಂದ, ಆ ಶಾಲೆಗಳ ಕಲ್ಪನೆ ಕೊಟ್ಟ ಗ್ರುಂಡ್ಟ್‌ವಿಗ್ ಎಂಬ ಡೆನ್ಮಾರ್ಕಿನ ಪಾದ್ರಿಯ ಹೆಸರು ನಮ್ಮ ಮನೆಯ ಜಗಲಿಯಲ್ಲಿ ಎಷ್ಟೋ ಸಲ ಕೇಳಿಬಂದಿತ್ತು. ಓದಿದವನು ಊರು ಬಿಟ್ಟು ಹೋಗುವಂತೆ ಕಲಿಸುವ ಶಾಲೆಯಲ್ಲ, ಊರಲ್ಲೇ ಉಳಿದು ಊರನ್ನು ಬೆಳಗುವಂತೆ ಕಲಿಸುವ ಶಾಲೆ ಬೇಕು ಎಂಬುದು ಅವರು ಮತ್ತೆ ಮತ್ತೆ ಆಡುತ್ತಿದ್ದ ಮಾತು. ಆ ಮಾತು ಸಮುದ್ರದಾಚೆಯ ಬೆಟ್ಟವೊಂದರಲ್ಲಿ ಕಟ್ಟಡವಾಗಿ ನಿಂತದ್ದನ್ನು ನೋಡಿದಾಗ, ಇದನ್ನು ಕಟ್ಟಿದವರು ಯಾರು ಎಂದು ತಿಳಿಯದೆ ಊರಿಗೆ ಮರಳಬಾರದು ಅನ್ನಿಸಿತು. ಅಲ್ಲಿ ಒಬ್ಬರು ಹೇಳಿದರು: ಕ್ಯಾಂಪ್‌ಬೆಲ್ ದಂಪತಿಗಳ ಕಾಗದಪತ್ರಗಳು ಚಾಪೆಲ್ ಹಿಲ್ ವಿಶ್ವವಿದ್ಯಾಲಯದ ದಕ್ಷಿಣ ಇತಿಹಾಸ ಸಂಗ್ರಹದಲ್ಲಿವೆ, ಯಾರು ಬೇಕಾದರೂ ಹೋಗಿ ಓದಬಹುದು. ಚಾಪೆಲ್ ಹಿಲ್ ಮಗಳ ಮನೆಯಿಂದ ಅರ್ಧ ಗಂಟೆಯ ದಾರಿ.

ಓದುವುದಕ್ಕೆ ಮೊದಲು ಮಾಡಬೇಕಾದ ಕೆಲಸ ಮನೆಯಲ್ಲಿಯೇ ಇತ್ತು. ಸಂಗ್ರಹದ ವಿವರಪಟ್ಟಿ ಅಂತರ್ಜಾಲದಲ್ಲಿದೆ. ಪತ್ರಗಳು, ದಿನಚರಿಗಳು, ಬರಹಗಳು, ಛಾಯಾಚಿತ್ರಗಳು ಎಂದು ವಿಂಗಡಿಸಿ, ಯಾವ ವರ್ಷದ ಕಾಗದ ಯಾವ ಫೋಲ್ಡರಿನಲ್ಲಿದೆ ಎಂದು ಅದರಲ್ಲಿ ಬರೆದಿದ್ದಾರೆ. ಮಗು ಮಲಗಿದ ಹೊತ್ತಿನಲ್ಲಿ ಮಗಳು ಓದಿ ಹೇಳುತ್ತಿದ್ದಳು, ನಾನು ಹಾಳೆಯ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದೆ. ಈ ಕೆಲಸಕ್ಕೆ ಎರಡು ವಾರ ಹಿಡಿಯಿತು, ಮತ್ತು ಆ ಎರಡು ವಾರ ಎಷ್ಟು ಮುಖ್ಯವಾಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಏನು ಬೇಕೆಂದು ಗೊತ್ತಿಲ್ಲದೆ ಹೋದವರಿಗೆ ಪೆಟ್ಟಿಗೆಗಳ ಸಾಲು ಬರಿಯ ಪೆಟ್ಟಿಗೆಗಳ ಸಾಲಾಗಿಯೇ ಕಾಣುತ್ತದೆ. ನಾನು ಕೇಳಬೇಕೆಂದುಕೊಂಡ ಪ್ರಶ್ನೆ ಒಂದೇ ಆಗಿತ್ತು: ಶಾಲೆಗೆ ಗಂಡನ ಹೆಸರಿದೆ, ಆದರೆ ಶಾಲೆ ತೆರೆಯುವ ಆರು ವರ್ಷ ಮೊದಲೇ, 1919ರಲ್ಲಿ, ಗಂಡ ತೀರಿಕೊಂಡಿದ್ದರು. ಹಾಗಾದರೆ ಈ ಕೆಲಸದಲ್ಲಿ ಯಾರದು ಎಷ್ಟು?

ಅವರಿಬ್ಬರ ಬದುಕನ್ನು ಇಲ್ಲಿ ಚುಟುಕಾಗಿ ಹೇಳಿಬಿಡುತ್ತೇನೆ. ಜಾನ್ ಚಾರ್ಲ್ಸ್ ಕ್ಯಾಂಪ್‌ಬೆಲ್ ಹುಟ್ಟಿದ್ದು 1867ರಲ್ಲಿ, ಇಂಡಿಯಾನಾ ರಾಜ್ಯದಲ್ಲಿ. ಧರ್ಮಶಾಸ್ತ್ರ ಓದಿ ಮುಗಿಸಿದ ಮೇಲೆ ದೊಡ್ಡ ಊರಿನ ಚರ್ಚಿಗೆ ಹೋಗದೆ ಅಲಬಾಮಾದ ಜೊಪ್ಪಾ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಮೇಷ್ಟರಾದರು. ಮುಂದೆ ಟೆನೆಸ್ಸಿಯಲ್ಲಿ ಕಲಿಸಿ, ಜಾರ್ಜಿಯಾದ ಡೆಮರೆಸ್ಟಿನ ಕಾಲೇಜಿಗೆ ಅಧ್ಯಕ್ಷರಾದರು. ಮೊದಲ ಹೆಂಡತಿಯನ್ನು ಕಳೆದುಕೊಂಡಿದ್ದ ಅವರು, ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್‌ನವರಾದ, 1882ರಲ್ಲಿ ಹುಟ್ಟಿದ ಆಲಿವ್ ಡೇಮ್ ಎಂಬ ಶಿಕ್ಷಕಿಯನ್ನು 1907ರಲ್ಲಿ ಮದುವೆಯಾದರು. ಅದರ ಮರುವರ್ಷವೇ, ಆಗತಾನೇ ಸ್ಥಾಪನೆಯಾಗಿದ್ದ ರಸೆಲ್ ಸೇಜ್ ಪ್ರತಿಷ್ಠಾನ ಎಂಬ ದತ್ತಿ ಸಂಸ್ಥೆಯ ನೆರವಿನಿಂದ, ದಕ್ಷಿಣದ ಅಪಲೇಶಿಯನ್ ಬೆಟ್ಟಗಳ ಶಾಲೆಗಳನ್ನೂ ಜನಜೀವನವನ್ನೂ ಕಣ್ಣಾರೆ ನೋಡಿ ಬರೆದಿಡಲು ಇಬ್ಬರೂ ಕೂಡಿ ಹೊರಟರು. ರೈಲು ಹೋಗುವಷ್ಟು ದೂರ ರೈಲು, ಅಲ್ಲಿಂದಾಚೆಗೆ ಕುದುರೆ ಮತ್ತು ಗಾಡಿ.

ಮೊದಲ ದಿನ ನಾನು ಕೇಳಿದ್ದು ಆ ತಿರುಗಾಟದ ಕಾಲದ ಕಾಗದಗಳನ್ನು. ಕೋಣೆಯಲ್ಲಿ ಮೇಜಿಗೊಬ್ಬರಂತೆ ಕುಳಿತು ಎಲ್ಲರೂ ಸದ್ದಿಲ್ಲದೆ ಓದುತ್ತಿದ್ದರು. ಸಿಬ್ಬಂದಿಯ ಹುಡುಗಿಯೊಬ್ಬಳು ಬೂದು ಬಣ್ಣದ ರಟ್ಟಿನ ಪೆಟ್ಟಿಗೆಯನ್ನು ತಂದಿಟ್ಟು, ಮೂರು ವಿಷಯ ಹೇಳಿದಳು: ಒಂದು ಸಲಕ್ಕೆ ಒಂದೇ ಫೋಲ್ಡರ್ ತೆಗೆಯಬೇಕು, ತೆಗೆದ ಜಾಗದಲ್ಲಿ ಗುರುತಿನ ರಟ್ಟು ನಿಲ್ಲಿಸಬೇಕು, ಕಾಗದಗಳು ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ಮರಳಿ ಇಡಬೇಕು, ತಪ್ಪಿದೆ ಎಂದು ಕಂಡರೂ ನಾವಾಗಿ ಸರಿಪಡಿಸದೆ ಅವರಿಗೆ ತಿಳಿಸಬೇಕು. ಮೂರನೆಯ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಕಾಗದ ಬರೆದವರು, ಇಟ್ಟುಕೊಂಡವರು ಅದನ್ನು ಯಾವುದರ ಪಕ್ಕದಲ್ಲಿ ಇಟ್ಟಿದ್ದರು ಎಂಬುದೂ ಒಂದು ಸಾಕ್ಷಿ. ನಮ್ಮ ಅಚ್ಚುಕಟ್ಟುತನ ಆ ಸಾಕ್ಷಿಯನ್ನು ಅಳಿಸಿಬಿಡುತ್ತದೆ ಎಂದು ಅವಳು ನಾನು ಕೇಳಿದ್ದಕ್ಕೆ ಬಿಡಿಸಿ ಹೇಳಿದಳು.

ಇಂಗ್ಲಿಷಿನ ಕೂಡುಬರಹ ಓದುವುದು ಮೊದಲ ಗಂಟೆಯಲ್ಲಿ ಬಹಳ ಕಷ್ಟವಾಯಿತು, ಒಂದು ಪುಟಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಆದರೆ ಮೇಷ್ಟರ ಕಣ್ಣಿಗೆ ಒಂದು ಅಭ್ಯಾಸ ಇರುತ್ತದೆ. ತರಗತಿಯ ನಲವತ್ತು ನೋಟುಪುಸ್ತಕಗಳ ರಟ್ಟು ಮುಚ್ಚಿಟ್ಟರೂ ಇದು ಯಾವ ಹುಡುಗನ ಅಕ್ಷರ ಎಂದು ಹೇಳುವ ಅಭ್ಯಾಸ ಅದು. ಸಂಜೆಯ ಹೊತ್ತಿಗೆ ಸಹಿ ನೋಡದೆಯೇ ಇದು ಜಾನ್ ಅವರದು, ಇದು ಆಲಿವ್ ಅವರದು ಎಂದು ಗುರುತಿಸಲು ಸಾಧ್ಯವಾಯಿತು. ನನ್ನ ಪ್ರಶ್ನೆಗೆ ಉತ್ತರ ಹುಡುಕಲು ಬೇಕಾದ ಸಾಧನ ಅದೇ ಆಗಿತ್ತು.

ಆ ತಿರುಗಾಟದ ದಿನಚರಿ, 1908ರಿಂದ 1909ರವರೆಗಿನದು, ಆಲಿವ್ ಅವರದು. ಮದುವೆಯಾಗಿ ಎರಡು ವರ್ಷವೂ ತುಂಬದ, ನಗರದಲ್ಲಿ ಬೆಳೆದ ಇಪ್ಪತ್ತಾರು ವರ್ಷದ ಹೆಣ್ಣುಮಗಳು, ಹಗಲೆಲ್ಲ ಬೆಟ್ಟದ ದಾರಿಯಲ್ಲಿ ಕುಲುಕಾಡಿ, ಅಪರಿಚಿತರ ಮನೆಯಲ್ಲಿ ತಂಗಿ, ಆಮೇಲೆ ಕುಳಿತು ಬರೆದದ್ದು. ಪ್ರತಿಷ್ಠಾನದ ಕೆಲಸ ವಹಿಸಿದ್ದು ಜಾನ್ ಅವರಿಗೆ. ಆದರೆ ಎಲ್ಲಿ ಉಳಿದರು, ಯಾವ ಶಾಲೆ ಹೇಗಿತ್ತು, ಮನೆಯ ಹೆಂಗಸರು ಏನು ಹೇಳಿದರು ಎಂಬುದು ನಮಗೆ ಸಿಗುವುದು ಆಲಿವ್ ಅವರ ಕೈಯಿಂದ. ಆ ಬೆಟ್ಟಗಳಲ್ಲಿ ಶಾಲೆ ನಡೆಯುತ್ತಿದ್ದದ್ದು ವರ್ಷದಲ್ಲಿ ಕೆಲವೇ ತಿಂಗಳು. ದಾರಿ ಕೆಟ್ಟರೆ, ಹೊಲದ ಕೆಲಸ ಬಂದರೆ ಮಕ್ಕಳಿಲ್ಲ. ಇದನ್ನು ಓದುವಾಗ ನಾನು ಪೆನ್ಸಿಲು ಕೆಳಗಿಟ್ಟೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ನಮ್ಮ ಹಾಜರಿ ಪುಸ್ತಕದ ತುಂಬ ಗೈರುಹಾಜರಿಯ ಗುರುತುಗಳೇ ಇರುತ್ತಿದ್ದವು, ಮತ್ತು ಆ ಒಂದೊಂದು ಗುರುತಿನ ಹಿಂದಿನ ಮನೆಯ ಸ್ಥಿತಿ ಗೊತ್ತಿದ್ದದ್ದು ನನಗೆ, ಏಕೆಂದರೆ ಸಂಜೆ ಆ ಮನೆಗಳಿಗೆ ಹೋಗಿ ತಾಯಂದಿರ ಜೊತೆ ಮಾತಾಡುತ್ತಿದ್ದವಳು ನಾನು.

ಅದೇ ತಿರುಗಾಟದಲ್ಲಿ, 1908ರ ಡಿಸೆಂಬರಿನಲ್ಲಿ, ಕೆಂಟಕಿಯ ಹಿಂಡ್‌ಮನ್ ಶಾಲೆಯಲ್ಲಿ ಹುಡುಗಿಯೊಬ್ಬಳು 'ಬಾರ್ಬರಾ ಆಲೆನ್' ಎಂಬ ಹಳೆಯ ಲಾವಣಿಯನ್ನು ಹಾಡಿದ್ದನ್ನು ಆಲಿವ್ ಕೇಳಿದರು. ಇಂಗ್ಲೆಂಡ್, ಸ್ಕಾಟ್ಲೆಂಡುಗಳಿಂದ ತಲೆಮಾರುಗಳ ಹಿಂದೆ ಬಂದವರ ಬಾಯಲ್ಲಿ ಉಳಿದುಕೊಂಡಿದ್ದ ಹಾಡು ಅದು. ಅಂದಿನಿಂದ ಅವರು ಹೋದ ಹೋದಲ್ಲಿ ಹಾಡುಗಳನ್ನು ಬರೆದುಕೊಳ್ಳತೊಡಗಿದರು. 1915ರಲ್ಲಿ ಇಂಗ್ಲೆಂಡಿನ ಜನಪದ ಸಂಗೀತ ಸಂಗ್ರಾಹಕ ಸೆಸಿಲ್ ಶಾರ್ಪ್ ಅವರಿಗೆ ತಮ್ಮ ಸಂಗ್ರಹ ತೋರಿಸಿದರು. ಮರುವರ್ಷ ಶಾರ್ಪ್ ಆ ಬೆಟ್ಟಗಳಿಗೆ ಬಂದರು. 1917ರಲ್ಲಿ 122 ಹಾಡುಗಳೂ ಅವುಗಳ 323 ಮಟ್ಟುಗಳೂ ಇರುವ ಪುಸ್ತಕ ಇಬ್ಬರ ಹೆಸರಿನಲ್ಲಿ ಹೊರಬಂತು. ಜನಪದ ಗೀತೆ ಸಂಗ್ರಹಿಸುವವರು ಮೊದಲು ಮನೆಯೊಳಗೆ ಹೋಗಬಲ್ಲವರಾಗಿರಬೇಕು. ಬೀಸುವ ಕಲ್ಲಿನ ಹಾಡು ಊರ ಚಾವಡಿಯಲ್ಲಿ ಸಿಗುವುದಿಲ್ಲ ಎಂಬುದು ನಮ್ಮ ಕಡೆ ಈ ಕೆಲಸ ಮಾಡಿದ ಎಲ್ಲರಿಗೂ ಗೊತ್ತು.

ಎರಡನೆಯ ಸಲ ಹೋದದ್ದು ಹದಿನೈದು ದಿನ ಬಿಟ್ಟು. ಆಗ ಕೇಳಿದ್ದು ಜಾನ್ ಅವರ ಕೊನೆಯ ವರ್ಷಗಳ ಪತ್ರಗಳನ್ನು. ಆ ವರ್ಷಗಳಲ್ಲಿ ಅವರು ಆಶ್ವಿಲ್‌ನಲ್ಲಿ ಕಚೇರಿ ನಡೆಸುತ್ತ, ಬೆಟ್ಟದ ಶಾಲೆಗಳಲ್ಲಿ ಕೆಲಸ ಮಾಡುವವರನ್ನೆಲ್ಲ 1913ರಲ್ಲಿ ಒಂದು ಸಮ್ಮೇಳನದ ಅಡಿ ಒಟ್ಟುಗೂಡಿಸಿ, ಬೆಟ್ಟದವರ ಬಗ್ಗೆ ಒಂದು ದೊಡ್ಡ ಪುಸ್ತಕಕ್ಕೆ ಸಿದ್ಧತೆ ಮಾಡುತ್ತಿದ್ದರು. ಆ ಬೆಟ್ಟಗಳ ಬಗ್ಗೆ ಜನರಿಗೆ ಗೊತ್ತಿರುವುದರಲ್ಲಿ ನಿಜವಲ್ಲದ್ದೇ ಹೆಚ್ಚು ಎಂಬ ಅರ್ಥದ ಮಾತು ಅದರಲ್ಲಿದೆ. ಇದೇ ವರ್ಷಗಳಲ್ಲಿ ಅವರಿಗೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳೂ ಎಳೆವಯಸ್ಸಿನಲ್ಲೇ ಹೋದರು. ಡೆನ್ಮಾರ್ಕಿನ ಶಾಲೆಗಳನ್ನು ನೋಡಿಬರಲು 1914ರಲ್ಲಿ ಇಬ್ಬರೂ ಯೋಚಿಸಿದ್ದರು; ಯುದ್ಧ ಆರಂಭವಾಗಿ ಅದೂ ನಿಂತಿತು. 1919ರಲ್ಲಿ ಜಾನ್ ತೀರಿಕೊಂಡಾಗ ಪುಸ್ತಕ ಮುಗಿದಿರಲಿಲ್ಲ.

ಆ ವರ್ಷದ ಫೋಲ್ಡರನ್ನು ನಾನು ನಿಧಾನವಾಗಿ ತೆರೆದೆ. ಗಂಡನ ಅಕ್ಷರ ಒಂದು ದಿನಾಂಕದವರೆಗೆ ಇದ್ದು ಆಮೇಲೆ ನಿಂತುಹೋಗುವುದನ್ನು ನಾನು ನನ್ನ ಮನೆಯಲ್ಲಿ ನೋಡಿದ್ದೇನೆ. ಹಾಲಿನ ಲೆಕ್ಕದ ಪುಸ್ತಕದಲ್ಲಿ ಮಂಗಳವಾರದವರೆಗೆ ಅವರ ಕೈ, ಆಮೇಲೆ ಎರಡು ವಾರ ಖಾಲಿ, ಆಮೇಲೆ ನನ್ನ ಕೈ. ಇಲ್ಲಿಯೂ ಹಾಗೆಯೇ. ಜಾನ್ ಬಿಟ್ಟುಹೋದ ಟಿಪ್ಪಣಿ, ಅಂಕಿಅಂಶ, ಕರಡುಗಳನ್ನೆಲ್ಲ ಆಲಿವ್ ಒಟ್ಟುಮಾಡಿ, ಉಳಿದದ್ದನ್ನು ಬರೆದು, 1921ರಲ್ಲಿ ಪುಸ್ತಕವನ್ನು ಪ್ರಕಟಿಸಿದರು. ಮುಖಪುಟದಲ್ಲಿ ಇರುವುದು ಜಾನ್ ಅವರ ಹೆಸರು ಮಾತ್ರ. 1922ರಲ್ಲಿ, ಗಂಡ ಹೋಗಬೇಕೆಂದಿದ್ದು ಹೋಗಲಾಗದ ಡೆನ್ಮಾರ್ಕಿಗೆ, ಮಾರ್ಗರೈಟ್ ಬಟ್ಲರ್ ಎಂಬ ಶಿಕ್ಷಕಿಯ ಜೊತೆ ತಾವೇ ಹೋದರು. ಮರಳಿ ಬಂದ ಮೇಲೆ, ಬ್ರಾಸ್‌ಟೌನಿನ ಅಂಗಡಿಯ ಫ್ರೆಡ್ ಸ್ಕ್ರಾಗ್ಸ್ ಮತ್ತು ಆ ಹಳ್ಳಿಯ ಜನ ತಮ್ಮ ಊರಿಗೆ ಶಾಲೆ ಬೇಕೆಂದು ದುಡಿಮೆ, ಮರ, ಕಲ್ಲು, ಹಣ ಕೊಡುವುದಾಗಿ ಬರೆದುಕೊಟ್ಟಾಗ, ಅಲ್ಲಿಯೇ ಶಾಲೆ ತೆರೆದು ಅದಕ್ಕೂ ಗಂಡನ ಹೆಸರಿಟ್ಟರು. 1946ರವರೆಗೆ ಅದನ್ನು ನಡೆಸಿದವರು ಅವರು. ಗಂಡನ ಜೀವನಚರಿತ್ರೆಯನ್ನೂ ಬರೆದರು; 1954ರಲ್ಲಿ ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1968ರಲ್ಲಿ, ಅದು ಅಚ್ಚಾಯಿತು.

ಇದನ್ನು ಓದಿ, ಹೆಂಡತಿಯ ಕೆಲಸಕ್ಕೆ ಗಂಡನ ಹೆಸರು ಬಂತು ಎಂದು ಹೇಳಿ ಮುಗಿಸುವುದು ಸುಲಭ. ಆ ಮಾತಿನಲ್ಲಿ ಸತ್ಯವಿದೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎರಡು ದಿನ ಆ ಕಾಗದಗಳ ಮುಂದೆ ಕುಳಿತವಳಾಗಿ ನನಗೆ ಕಂಡದ್ದು ಅಷ್ಟೇ ಅಲ್ಲ. ಜಾನ್ ಅವರ ಹಲವು ವರ್ಷಗಳ ಹಳ್ಳಿಯ ಮೇಷ್ಟರಿಕೆ ಇಲ್ಲದೆ ಆ ತಿರುಗಾಟವಿಲ್ಲ; ಆಲಿವ್ ಅವರ ದಿನಚರಿಯಿಲ್ಲದೆ ಆ ತಿರುಗಾಟದ ಜೀವವಿಲ್ಲ; ಇಬ್ಬರೂ ಕೂಡಿ ನೋಡಿದ ಶಾಲೆಗಳಿಲ್ಲದೆ ಪುಸ್ತಕವಿಲ್ಲ. ಸಂಗ್ರಹವನ್ನು ಜೋಡಿಸಿದವರು ಇದನ್ನು ಅರಿತೇ ಮಾಡಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಅದರ ಹೆಸರಿನಲ್ಲಿ ಇಬ್ಬರೂ ಇದ್ದಾರೆ: ಜಾನ್ ಸಿ. ಕ್ಯಾಂಪ್‌ಬೆಲ್ ಮತ್ತು ಆಲಿವ್ ಡಿ. ಕ್ಯಾಂಪ್‌ಬೆಲ್ ಕಾಗದಪತ್ರಗಳು, ಸಂಖ್ಯೆ 3800. ಪುಸ್ತಕದ ಮುಖಪುಟ ಹೇಳದೆ ಬಿಟ್ಟದ್ದನ್ನು ಪೆಟ್ಟಿಗೆಯ ಮೇಲಿನ ಚೀಟಿ ಹೇಳುತ್ತದೆ.

ಮೂರನೆಯ ಸಲ ಹೋದಾಗ ಓದುವುದಕ್ಕಿಂತ ಕೇಳಿದ್ದೇ ಹೆಚ್ಚು. ಅಂದು ಕೋಣೆಯಲ್ಲಿ ಜನ ಕಡಿಮೆಯಿದ್ದರು. ಹಿರಿಯ ಸಿಬ್ಬಂದಿಯೊಬ್ಬರಿಗೆ ನಮ್ಮ ಮನೆಯಲ್ಲಿಯೂ ಇಬ್ಬರು ಮೇಷ್ಟರುಗಳ ಕಾಗದವಿದೆ, ಹೇಗೆ ಉಳಿಸಲಿ ಎಂದು ಕೇಳಿದೆ. ಅವರು ಕೆಲಸ ಬಿಟ್ಟು ಎದ್ದು ಬಂದು, ಅರ್ಧ ಗಂಟೆ ನಿಂತು ಹೇಳಿದರು. ತುಕ್ಕು ಹಿಡಿಯುವ ಪಿನ್ನು, ಕ್ಲಿಪ್ಪು, ರಬ್ಬರ್ ಬ್ಯಾಂಡುಗಳನ್ನು ಮೊದಲು ತೆಗೆಯಬೇಕು. ಅಂಟಿನ ಟೇಪು ಹಚ್ಚಲೇಬಾರದು, ಪ್ಲಾಸ್ಟಿಕ್ ಹಾಳೆಯಲ್ಲಿ ಲ್ಯಾಮಿನೇಟ್ ಮಾಡಿಸಬಾರದು. ಮಡಿಕೆಯನ್ನು ಬಲವಂತವಾಗಿ ಬಿಡಿಸಬಾರದು. ಬರೆಯುವುದೇನಿದ್ದರೂ ಪೆನ್ಸಿಲಿನಲ್ಲಿ, ಫೋಲ್ಡರಿನ ಮೇಲೆ. ಫೋಟೋಗಳಲ್ಲಿರುವ ಜನರ ಹೆಸರನ್ನು ತಿಳಿದವರು ಬದುಕಿರುವಾಗಲೇ ಬರೆಸಿಕೊಳ್ಳಬೇಕು. ನೆಲಕ್ಕೆ ತಾಗಿಸದೆ, ಗೋಡೆಗೆ ಒರಗಿಸದೆ, ತೇವ ಕಡಿಮೆಯಿರುವಲ್ಲಿ ಇಡಬೇಕು. ಮಲೆನಾಡಿನ ಮಳೆ ಎಷ್ಟೆಂದು ನಾನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮೊದಲು ಫೋಟೋ ತೆಗೆದುಬಿಡಿ, ಮಳೆಗಾಲಕ್ಕೆ ಮುಂಚೆ" ಎಂದರು.

ಊರಿಗೆ ಮರಳಿದ್ದು ಫೆಬ್ರವರಿಯಲ್ಲಿ. ನಮ್ಮ ಶಾಲೆಯ ಹಳೆಯ ದಾಖಲೆಗಳು ಶಾಲೆಯಲ್ಲಿ ಇಲ್ಲ. ಮಕ್ಕಳು ಕಡಿಮೆಯಾಗಿ ಶಾಲೆಯನ್ನು ಇನ್ನೊಂದರ ಜೊತೆ ಸೇರಿಸಿದಾಗ, ಹಳೆಯ ಹಾಜರಿ ಪುಸ್ತಕಗಳೂ ಮಾಸಿಕ ತಖ್ತೆಗಳೂ ಹಳೆಯ ಪತ್ರಿಕೆಗಳ ಜೊತೆ ತೂಕಕ್ಕೆ ಹೋದವೆಂದು ತಿಳಿದು ಯಜಮಾನರು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಉಳಿದಿರುವುದು ನಮ್ಮ ಅಟ್ಟದ ಮೇಲಿನ ಹಸಿರು ತಗಡಿನ ಟ್ರಂಕಿನಲ್ಲಿ ಇದ್ದಷ್ಟೇ. ಅದನ್ನು ಮಾಳಿಗೆಯಿಂದ ಇಳಿಸಿ, ಪಡಸಾಲೆಯಲ್ಲಿ ಹಳೆಯ ಪಂಚೆ ಹಾಸಿ, ಮೇಲಿನಿಂದ ಒಂದೊಂದೇ ತೆಗೆದು, ತೆಗೆದ ಕ್ರಮದಲ್ಲಿಯೇ ಸಂಖ್ಯೆ ಹಾಕುತ್ತ ಬಂದೆ. ಪಾಠ ಟಿಪ್ಪಣಿಯ ಪುಸ್ತಕಗಳು, ಇನ್ಸ್‌ಪೆಕ್ಟರು ಬಂದುಹೋದ ದಿನದ ಗುರುತುಗಳು, ಶಾಲಾ ತೋಟದ ಲೆಕ್ಕ, ವಯಸ್ಕರ ಶಿಕ್ಷಣದ ರಾತ್ರಿ ತರಗತಿಗೆ ಬಂದವರ ಪಟ್ಟಿ. ಆ ಪಟ್ಟಿಯ ಮೂವತ್ತೊಂದು ಹೆಸರುಗಳಲ್ಲಿ ಹದಿನಾಲ್ಕು ಹೆಂಗಸರವು. ಹೆಂಗಸರ ಹೆಸರುಗಳೆಲ್ಲ ನನ್ನ ಅಕ್ಷರದಲ್ಲಿ, ಗಂಡಸರವು ಅವರ ಅಕ್ಷರದಲ್ಲಿ. ಹಾಳೆಯ ಅಂಚಿನಲ್ಲಿ ಸೀಮೆಎಣ್ಣೆಯ ಲಾಟೀನಿನ ಬುಡದ ಕಂದು ಉಂಗುರ ಇನ್ನೂ ಇದೆ. ರಾತ್ರಿ ಎಂಟು ಗಂಟೆಗೆ ಆ ಮೇಜಿನ ಎರಡು ಕಡೆ ನಾವಿಬ್ಬರು ನಿಂತು ಹೆಸರು ಬರೆದುಕೊಂಡದ್ದು ನನಗೆ ಮರೆತೇಹೋಗಿತ್ತು.

ಟ್ರಂಕಿನ ತಳದ ಹತ್ತಿರ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಅವರು ಕೊಟ್ಟ ಲೇಖನದ ಕರಡು ಸಿಕ್ಕಿತು. ಅಚ್ಚಾದ ಲೇಖನದ ಕೆಳಗೆ ಅವರ ಹೆಸರಿದೆ. ಕರಡು ಮೊದಲಿನಿಂದ ಕೊನೆಯವರೆಗೆ ನನ್ನ ಅಕ್ಷರದಲ್ಲಿದೆ, ಅಲ್ಲಲ್ಲಿ ಅವರ ಕೆಂಪು ಶಾಯಿಯ ತಿದ್ದುಪಡಿಗಳಿವೆ, ಎರಡನೆಯ ಪುಟದ ಅಂಚಿನಲ್ಲಿ "ತಾಯಂದಿರ ಸಭೆಯ ವಿಷಯ ನೀನೇ ಬರಿ, ನನಗೆ ಅಷ್ಟು ಗೊತ್ತಿಲ್ಲ" ಎಂದು ಅವರು ಬರೆದಿದ್ದಾರೆ. ಅಚ್ಚಿನಲ್ಲಿ ಆ ಅಂಚಿನ ಸಾಲು ಬರಲಿಲ್ಲ, ಬರುವಂಥದ್ದೂ ಆಗಿರಲಿಲ್ಲ. ಹಾಲಿನ ಲೆಕ್ಕದ ಪುಸ್ತಕವನ್ನು ಬಿಸಾಡಬೇಕೆಂದಿದ್ದವಳು ಅದನ್ನೂ ತಂದು ಟ್ರಂಕಿನ ಕಾಗದಗಳ ಕೊನೆಗೆ ಸೇರಿಸಿದೆ.

ಈಗ ಇಪ್ಪತ್ತಾರು ಫೋಲ್ಡರುಗಳಾಗಿವೆ. ಪಿನ್ನುಗಳನ್ನೆಲ್ಲ ತೆಗೆದಾಯಿತು, ಒಂದು ಕಾಫಿ ಲೋಟದ ತುಂಬ ತುಕ್ಕು ಹಿಡಿದ ಪಿನ್ನುಗಳು. ಎದುರು ಮನೆಯ ಹುಡುಗ ಸಂಜೆ ಬಂದು ಮೊಬೈಲಿನಲ್ಲಿ ಒಂದೊಂದೇ ಪುಟದ ಫೋಟೋ ತೆಗೆಯುತ್ತಿದ್ದಾನೆ. ಹನ್ನೊಂದನೆಯ ಫೋಲ್ಡರಿನವರೆಗೆ ಮುಗಿದಿದೆ. ರಾತ್ರಿ ತರಗತಿಯ ಫೋಟೋ ಒಂದರಲ್ಲಿ ಹಿಂದಿನ ಸಾಲಿನ ಇಬ್ಬರ ಗುರುತು ಸಿಕ್ಕಿಲ್ಲ, ಅದಕ್ಕೆ ಬರುವ ವಾರ ಮೇಲಿನ ಕೇರಿಯ ಅಜ್ಜಿಯ ಬಳಿ ಹೋಗಬೇಕು. ಮುಂಗಾರಿಗೆ ಇನ್ನು ಆರು ವಾರವಿದೆ. ಟ್ರಂಕಿನ ಮುಚ್ಚಳಕ್ಕೆ ಅಂಟಿಸುವ ಚೀಟಿಯಲ್ಲಿ ಪೆನ್ಸಿಲಿನಿಂದ ಮೊದಲು ಅವರ ಹೆಸರು ಬರೆದೆ, 'ಮತ್ತು' ಎಂದು ಬರೆದೆ, ಆಮೇಲೆ ನನ್ನ ಹೆಸರು ಬರೆದೆ.